ಮಕ್ಕಳ ಕೈಗೆ ಮೊದಲ ಗಾಳ

ನಮ್ಮ ಜಗಳೂರು ಕಡೆಯ ಮಕ್ಕಳಿಗೆ ನೀರು ಅಂದರೆ ಕೊಡ, ತೊಂಬೆ, ಟ್ಯಾಂಕರ್. ಕೆರೆ ಅಂದರೆ ಬಳ್ಳಾರಿ ಜಾಲಿ ಬೆಳೆದ ಬಯಲು. ಕುರಿ ಮೇಯಿಸಲಿಕ್ಕೆ, ಚೆಂಡಾಟಕ್ಕೆ ಒಳ್ಳೆಯ ಜಾಗ. ತನ್ನೂರ ಕೆರೆ ತುಂಬಿದ್ದನ್ನು ಹತ್ತು ವರ್ಷದ ಹುಡುಗ ಒಮ್ಮೆಯೂ ನೋಡಿರಲಿಲ್ಲ ಅಂದರೆ ಮಲೆನಾಡಿನ ಓದುಗರು ನಂಬಲಿಕ್ಕಿಲ್ಲ.

2022ರಲ್ಲಿ ಮಳೆ ಹಿಡಿದು ಹೊಡೆಯಿತು. ತುಂಗಭದ್ರೆಯ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯ ಪೈಪುಗಳೂ ಬಂದವು. ಅದಕ್ಕೂ ಮೊದಲೇ, 2014ರಲ್ಲಿ ಕೃಷಿಭಾಗ್ಯ ಶುರುವಾದ ಮೇಲೆ, ಹೊಲಗಳಲ್ಲಿ ಅಲ್ಲಲ್ಲಿ ಕೃಷಿ ಹೊಂಡ ಬಂದಿದ್ದವು. ಕೆರೆಗೆ ನೀರು ಬಂತು ಅಂತ ಬಾಗಿನ ಬಿಟ್ಟೆವು. ಆ ನೀರಿನ ಪಕ್ಕ ಹೇಗೆ ನಿಲ್ಲಬೇಕು ಅಂತ ಮಾತ್ರ ಮಕ್ಕಳಿಗೆ ಯಾರೂ ಹೇಳಿಕೊಡಲಿಲ್ಲ.

ಪಕ್ಕದ ಊರಿನಲ್ಲಿ ಇಬ್ಬರು ಹುಡುಗರು ಹೊಂಡದಲ್ಲಿ ಹೋದರು. ಒಬ್ಬ ಜಾರಿದ, ಇನ್ನೊಬ್ಬ ಅವನನ್ನು ಎಳೆಯಲು ಹೋದ. "ಹೊಂಡದ ಕಡೆ ಹೋಗಬ್ಯಾಡ್ರೋ" ಅಂತ ಅವರ ಮನೆಯಲ್ಲಿ ದಿನಾ ಹೇಳುತ್ತಿದ್ದರಂತೆ. ಬೇಡ ಅಂದರೆ ಮಕ್ಕಳು ಬಿಡುವುದಿಲ್ಲ. ನಮಗೆ ಕಾಣದಂತೆ ಹೋಗುತ್ತವೆ, ಅಷ್ಟೇ. ಅದಕ್ಕೇ ನಾನೇ ಕರಕೊಂಡು ಹೋಗಲು ಶುರು ಮಾಡಿದೆ. ಸುಮ್ಮನೆ ನೀರು ನೋಡು ಅಂದರೆ ಐದು ನಿಮಿಷ ನಿಲ್ಲುವುದಿಲ್ಲ. ಕೈಗೆ ಗಾಳ ಕೊಟ್ಟರೆ ಒಂದು ಗಂಟೆ ನೀರನ್ನೇ ನೋಡುತ್ತಾ ಕೂರುತ್ತವೆ. ನನಗೆ ಬೇಕಾದ್ದು ಅದು. ಮೀನು ಸಿಕ್ಕರೆ ಲಾಭ.

ಮಗಳ ಮಕ್ಕಳು, ತಮ್ಮನ ಮೊಮ್ಮಕ್ಕಳು, ಓಣಿಯವರು ಸೇರಿ ಹನ್ನೊಂದು ಮಕ್ಕಳಿಗೆ ಇದುವರೆಗೆ ಮೊದಲ ಗಾಳ ಹಿಡಿಸಿದ್ದೇನೆ. ನಾನು ಕಲಿತದ್ದು ಹೊನ್ನಾಳಿಯಲ್ಲಿ, ಸೋದರಮಾವನ ಮನೆಯಲ್ಲಿದ್ದಾಗ, ಹೊಳೆ ದಂಡೆಯಲ್ಲಿ. ಆ ಪಾಠವನ್ನು ಒಣಭೂಮಿಗೆ ಹೊಂದಿಸಿಕೊಂಡಿದ್ದೇನೆ.

ಮೊದಲ ಪಾಠ ಅಂಗಳದಲ್ಲಿ

ಐದು ವರ್ಷ ತುಂಬುವವರೆಗೆ ಬೇಡ. ತುಂಬಿದ ಮೇಲೂ ಒಬ್ಬ ದೊಡ್ಡವರಿಗೆ ಎರಡೇ ಮಕ್ಕಳು. ಮೂರನೆಯದು ಎಷ್ಟೇ ಅತ್ತರೂ ಮುಂದಿನ ವಾರ. ಹೋದ ದೊಡ್ಡವರು ತಮ್ಮ ಗಾಳ ಒಯ್ಯಕೂಡದು. ಇದನ್ನು ಗಂಡಸರು ಒಪ್ಪುವುದು ಕಷ್ಟ. ನೀರು ಕಂಡ ಕೂಡಲೇ ತಾವೇ ಕೂತುಬಿಡುತ್ತಾರೆ. ತನ್ನ ಬೆಂಡು ನೋಡುವವನಿಗೆ ಮಗು ಕಾಣುವುದಿಲ್ಲ. ಮೊಬೈಲ್ ನೋಡುವವನಿಗೂ ಅಷ್ಟೇ.

ಮೊದಲ ದಿನ ನೀರಿಗೆ ಹೋಗುವುದೇ ಇಲ್ಲ. ಗಾಳದ ಬದಲು ಸೈಕಲ್ಲಿನ ಒಂದು ನಟ್ಟು ಕಟ್ಟಿ ಅಂಗಳದಲ್ಲಿ ಮೊರಕ್ಕೆ ಗುರಿ ಇಟ್ಟು ಬೀಸಿಸುತ್ತೇನೆ. ಬೀಸುವ ಮೊದಲು ಹಿಂದೆ ತಿರುಗಿ ನೋಡುವುದು, "ಗಾಳ ಬಂತು" ಅಂತ ಕೂಗುವುದು, ಎರಡು ಕೋಲುದ್ದ ದೂರ ನಿಲ್ಲುವುದು, ಇಷ್ಟು ಅಲ್ಲೇ ಅಭ್ಯಾಸ ಆಗಬೇಕು. ಗಾಳ ಬೆರಳಿಗೆ ಚುಚ್ಚಿದರೆ ತೆಗೆಯಬಹುದು, ಕಣ್ಣಿಗಾದರೆ ಏನು ಮಾಡುತ್ತೀರಿ? ತಲೆಗೆ ಟೊಪ್ಪಿಗೆ ಇರಲಿ.

ಕೋಲು, ದಾರ, ಬೆಂಡು

ಅಂಗಡಿಯ ಚಕ್ರದ ಕೋಲು ಮಕ್ಕಳಿಗೆ ಬೇಡ. ಆರಡಿಯ ತೆಳು ಬಿದಿರು ಸಾಕು. ದಾರ ಕೋಲಿನಷ್ಟೇ ಉದ್ದ ಇರಲಿ. ಆಗ ಕೋಲು ನೆಟ್ಟಗೆ ಎತ್ತಿದರೆ ಗಾಳ ತಾನಾಗಿ ಮಗುವಿನ ಎಡಗೈಗೆ ಬರುತ್ತದೆ. ದಾರ ಉದ್ದವಾದರೆ ಗಿಡಕ್ಕೆ, ಅಂಗಿಗೆ, ಪಕ್ಕದವರ ಕಿವಿಗೆ.

ಗಾಳದ ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣದು. ಸಣ್ಣದನ್ನೇ ತನ್ನಿ. ಅದರ ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಸಣ್ಣ ಮುಳ್ಳು ಇರುತ್ತದಲ್ಲ, ಅದನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡಿ. ನಾಲ್ಕು ಮೀನು ತಪ್ಪಿಸಿಕೊಳ್ಳುತ್ತವೆ, ಹೋಗಲಿ. ಬೆರಳಿಗೆ ಚುಚ್ಚಿದರೆ ಹೋದ ದಾರಿಯಲ್ಲೇ ಈಚೆ ಬರುತ್ತದೆ. ಬಂದ ಮೇಲೆ ಸೋಪು ಹಚ್ಚಿ ತೊಳೆದು ಟಿಟಿ ಇಂಜೆಕ್ಷನ್ನಿನ ವಿಚಾರ ಆಸ್ಪತ್ರೆಯಲ್ಲಿ ಕೇಳಿ.

ದಾರಕ್ಕೆ ಭಾರ ಅಂತ ಸೀಸದ ಗುಂಡು ಮಾರುತ್ತಾರೆ. ಸೀಸ ವಿಷ. ಮಕ್ಕಳು ಅದನ್ನು ಹಲ್ಲಲ್ಲಿ ಕಚ್ಚುತ್ತವೆ. ಕಬ್ಬಿಣದ ಸಣ್ಣ ನಟ್ಟು ಕಟ್ಟಿದರೆ ಆಯಿತು. ಬೆಂಡಿಗೆ ನಮ್ಮ ಹೊಲದಲ್ಲೇ ಸಾಮಾನು ಇದೆ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ಎರಡು ಇಂಚು ಕತ್ತರಿಸಿ. ನೀರು ಕುಡಿದು ಅರ್ಧ ಗಂಟೆಗೆ ಮೆತ್ತಗಾಗುತ್ತದೆ, ಅದಕ್ಕೇ ನಾಲ್ಕೈದು ಒಯ್ಯಿರಿ. ಬೆಂಡು ಮಾಡುವ ಕೆಲಸ ಮಕ್ಕಳಿಗೇ ಬಿಡಿ. ತಾನು ಮಾಡಿದ ಬೆಂಡು ಮುಳುಗಿದಾಗ ಆಗುವ ಖುಷಿ ಬೇರೆ.

ತಿನಿಸಿಗೆ ತಿಪ್ಪೆ ಬುಡದ ಎರೆಹುಳು ಎಲ್ಲದಕ್ಕೂ ಆಗುತ್ತದೆ. ಹುಳು ಮುಟ್ಟದ ಮಕ್ಕಳಿಗೆ ಗಟ್ಟಿ ಮುದ್ದೆ, ಕಲಸಿದ ಗೋಧಿ ಹಿಟ್ಟು, ಬೇಯಿಸಿದ ಮೆಕ್ಕೆಜೋಳದ ಕಾಳು. ಗೆಂಡೆಗೆ ಮೆಕ್ಕೆಜೋಳ ಇಷ್ಟ. ಇದೇನೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಅಂತ ಒಂದು ಸಂಸ್ಕೃತ ಗ್ರಂಥ ಇದೆಯಂತೆ, ಸುಮಾರು 1130ರದ್ದು. ಅದರಲ್ಲಿ ಗಾಳ ಹಾಕುವುದಕ್ಕೇ ಒಂದು ಭಾಗ ಇದೆ, ಯಾವ ಮೀನಿಗೆ ಯಾವ ತಿನಿಸು ಅಂತ ಬರೆದಿದೆ ಎಂದು ನಮ್ಮೂರ ಮೇಷ್ಟ್ರು ಹೇಳಿದರು. ರಾಜನೂ ಹಿಟ್ಟು ಕಲಸಿದ್ದನಲ್ಲ ಅಂತ ಹುಡುಗರಿಗೆ ನಗು.

ಎಲ್ಲಿ ಕೂರಿಸಬೇಕು

ಮೊದಲ ಸಲಕ್ಕೆ ಮೀನು ಹೆಚ್ಚಿರುವ ಜಾಗ ಹುಡುಕಬೇಡಿ. ದಂಡೆ ಇಳಿಜಾರು ಕಡಿಮೆ ಇರುವ ಜಾಗ ಹುಡುಕಿ. ಹಿಂದಿನ ದಿನ ನಾನೊಬ್ಬನೇ ಹೋಗಿ ಉದ್ದ ಕೋಲಿನಿಂದ ತಳ ನೋಡುತ್ತೇನೆ. ದಂಡೆಯಿಂದ ಎರಡು ಮಾರಿನವರೆಗೆ ಮಗುವಿನ ಮೊಣಕಾಲಿಗಿಂತ ಹೆಚ್ಚು ನೀರಿರಬಾರದು. ಸಣ್ಣ ಜಿಲೇಬಿ, ಪಕ್ಕೆ ಮೀನುಗಳು ಅಷ್ಟು ನೀರಿನಲ್ಲೇ ಸಿಗುತ್ತವೆ. ನೀರಿನಂಚಿನಿಂದ ಎರಡು ಹೆಜ್ಜೆ ಹಿಂದೆ ಬೂದಿಯಲ್ಲಿ ಗೆರೆ ಎಳೆಯುತ್ತೇನೆ. ಅದು ಲಕ್ಷ್ಮಣರೇಖೆ. ದಾಟಿದವರ ಕೋಲು ಅವತ್ತಿಗೆ ನನ್ನ ಕೈಗೆ. ಬೈಗುಳ ಇಲ್ಲ, ಮಾಫಿಯೂ ಇಲ್ಲ.

ನಮ್ಮ ಜಗಳೂರಿನ ಕೆರೆಗಳದ್ದು ಒಂದು ವಿಶೇಷ ತೊಂದರೆ. ಒಣಗಿದ್ದಾಗ ಬೆಳೆದ ಜಾಲಿ ಈಗ ನೀರಿನ ಕೆಳಗಿದೆ. ಜೆಸಿಬಿಯಲ್ಲಿ ಹೂಳು ತೆಗೆದ ಗುಂಡಿಗಳೂ ಕೆಳಗಿವೆ. ಮೇಲಿನಿಂದ ಎಲ್ಲ ಒಂದೇ ಸಮ ಕಾಣುತ್ತದೆ. ಬೇಸಿಗೆಯಲ್ಲಿ ಅಲ್ಲಿ ಕುರಿ ಕಾಯ್ದವರನ್ನು ಕೇಳಿ. ಗುಂಡಿ ಎಲ್ಲೆಲ್ಲಿ ಅಂತ ಅವರಿಗೆ ಗೊತ್ತಿರುತ್ತದೆ.

ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, ಮಕ್ಕಳಿಗೆ ತೋರಿಸಲೇಬೇಕಾದ್ದು. ಏರಿಯ ಮೇಲೆ ನಿಲ್ಲಿಸಿದಾಗ ತಮ್ಮನ ಮೊಮ್ಮಗಳು "ಅಜ್ಜಾ, ಇದರ ಆ ಕಡೆ ಎಲ್ಲೈತೆ?" ಅಂದಳು. ಚಿತ್ರದುರ್ಗದ ಪೇಟೆಯವರೂ ಇದೇ ನೀರು ಕುಡಿಯುತ್ತಾರೆ ಅಂದರೆ ನಂಬಲಿಲ್ಲ. ಆದರೆ ಮೊದಲ ಗಾಳಕ್ಕೆ ಅದು ಜಾಗ ಅಲ್ಲ. ಏರಿಯ ಕಲ್ಲು ಪಾಚಿಗೆ ಜಾರುತ್ತದೆ, ಕೂಡಲೇ ಆಳ. ತೂಬು ತೆಗೆದಿದ್ದರೆ ನೀರಿಗೆ ಎಳೆತ ಇರುತ್ತದೆ, ಮೇಲೆ ಕಾಣುವುದಿಲ್ಲ. ಭದ್ರಾ ನಾಲೆಯಂತೂ ಬೇಡವೇ ಬೇಡ. ಸಿಮೆಂಟಿನ ಇಳಿಜಾರಿನಲ್ಲಿ ದೊಡ್ಡವರಿಗೂ ಕಾಲು ನಿಲ್ಲುವುದಿಲ್ಲ.

ಹೊನ್ನಾಳಿಯಲ್ಲಿ ಹೊಳೆ ಇದೆ, ನಾನು ಕಲಿತ ಜಾಗ. ಆದರೂ ಈಗ ಮೊದಲ ಪಾಠಕ್ಕೆ ಅಲ್ಲಿಗೆ ಒಯ್ಯುವುದಿಲ್ಲ. ಮರಳು ತೆಗೆದ ಕಡೆ ಮೊಣಕಾಲು ನೀರಿನ ಪಕ್ಕದಲ್ಲೇ ಆಳೆತ್ತರ ಗುಂಡಿ. ಮಳೆಗಾಲದಲ್ಲಿ ಗಾಜನೂರಿನಲ್ಲಿ ಗೇಟು ಎತ್ತಿದರೆ ನಮ್ಮ ತಲೆ ಮೇಲೆ ಹನಿ ಬೀಳದಿದ್ದರೂ ಇಲ್ಲಿ ಹೊಳೆ ಏರುತ್ತದೆ. ನ್ಯಾಮತಿ ಕಡೆಯ ಸಣ್ಣ ಕಟ್ಟೆಗಳೇ ವಾಸಿ. 2018ರವರೆಗೆ ಅದೂ ಹೊನ್ನಾಳಿ ತಾಲ್ಲೂಕೇ. ಅಲ್ಲಿನ ನಮ್ಮ ಬೀಗರು ದನ ಇಳಿಯುವ ಜಾಗದಲ್ಲೇ ಮಕ್ಕಳನ್ನು ಕೂರಿಸುತ್ತಾರೆ. "ದನ ಹೆದರದೆ ಇಳಿಯೋ ಕಡೆ ತಳ ಗಟ್ಟಿ ಇರ್ತತೆ ಬೀಗ್ರೆ" ಅನ್ನುವುದು ಅವರ ಲೆಕ್ಕ. ಒಳ್ಳೆಯ ಲೆಕ್ಕ.

ಹೊಂಡದ ಮಾತು

ಕೃಷಿ ಹೊಂಡಕ್ಕೆ ಮೂರು ಮೀಟರ್ ಆಳ. ತಳಕ್ಕೆ, ಬದಿಗೆ ಪ್ಲಾಸ್ಟಿಕ್ ಹಾಳೆ. ಒದ್ದೆಯಾದ ಹಾಳೆ ಎಣ್ಣೆ ಸವರಿದ ಹಾಗೆ. ಈಜು ಬರುವವನೂ ಹತ್ತಲಾರ, ಹಿಡಿಯಲು ಒಂದು ಹುಲ್ಲುಕಡ್ಡಿ ಇರುವುದಿಲ್ಲ. ಹೊಂಡದ ಸುತ್ತ ತಂತಿ ಬೇಲಿ ಇರಲೇಬೇಕು. ಅದಕ್ಕಿಂತ ಕಡಿಮೆ ಖರ್ಚಿನ ಇನ್ನೊಂದು ಕೆಲಸ ಇದೆ: ನಾಲ್ಕೂ ಬದಿಗೆ ಗೂಟ ಹೊಡೆದು ದಪ್ಪ ಹಗ್ಗ ಕಟ್ಟಿ, ಅಡಿಗೊಂದು ಗಂಟು ಹಾಕಿ ತಳದವರೆಗೆ ಇಳಿಬಿಡಿ. ಹಳೆಯ ಟೈರು ಕಟ್ಟಿ ಬಿಟ್ಟರೂ ಆದೀತು. ನನ್ನ ಹೊಂಡದಲ್ಲಿ ಎರಡೂ ಇದೆ. ಬಿಸಿಲಿಗೆ ಹಗ್ಗ ಲಡ್ಡಾಗುತ್ತದೆ, ವರ್ಷಕ್ಕೊಮ್ಮೆ ಜಗ್ಗಿ ನೋಡಿ ಬದಲಿಸಬೇಕು.

ಹೊಂಡಕ್ಕೆ ಮೀನು ಬಿಟ್ಟವರು ಮಕ್ಕಳಿಗೆ ಗಾಳ ಹಾಕಿಸುವುದಾದರೆ ಬೇಲಿಯ ಹೊರಗೆ ನಿಲ್ಲಿಸಿಯೇ ಹಾಕಿಸಿ. ಅದಕ್ಕೆ ಮಾತ್ರ ಉದ್ದ ಕೋಲು, ಉದ್ದ ದಾರ.

ಎಲ್ಲಿಗೇ ಹೋಗಲಿ, ನನ್ನ ಜತೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು, ಅದಕ್ಕೆ ಕಟ್ಟಿದ ಹತ್ತು ಮಾರು ಹಗ್ಗ ಇರುತ್ತದೆ. ಒಳಗೆ ಒಂದು ಲೋಟ ನೀರು ಬಿಟ್ಟು ಮುಚ್ಚಳ ಬಿಗಿ ಮಾಡಿದರೆ ಎಸೆಯಲು ಭಾರ ಸಿಗುತ್ತದೆ, ತೇಲುತ್ತದೆ ಕೂಡ. ಇದನ್ನು ಎಸೆಯುವುದೇ ಮಕ್ಕಳಿಗೆ ಆಟ. ಒಬ್ಬ ದಂಡೆಯಲ್ಲಿ ಮಲಗಿ ಮುಳುಗಿದವನ ಹಾಗೆ ಕೈ ಆಡಿಸುತ್ತಾನೆ, ಇನ್ನೊಬ್ಬ ಎಸೆಯುತ್ತಾನೆ. ಆಟದಲ್ಲಿ ಒಂದೇ ಮಾತು ಬಾಯಿಪಾಠ ಮಾಡಿಸುತ್ತೇನೆ: "ಇಳೀಬ್ಯಾಡ, ಎಸಿ, ಕೂಗು." ಮುಳುಗುವವನನ್ನು ಹಿಡಿಯಲು ಹೋದ ಮಗುವೂ ಮುಳುಗುತ್ತದೆ. ಪಕ್ಕದ ಊರಿನ ಆ ಎರಡನೆಯ ಹುಡುಗನಿಗೆ ಈ ಮೂರು ಮಾತು ಯಾರಾದರೂ ಹೇಳಿದ್ದರೆ ಅವನಾದರೂ ಇರುತ್ತಿದ್ದ.

ಎತ್ತಿದ ಮೇಲಿನ ಮಾತನ್ನೂ ಹೇಳಿಬಿಡುತ್ತೇನೆ. ತಲೆಯ ಮೇಲೆ ಹೊತ್ತು ಗರಗರ ತಿರುಗಿಸುವುದು, ತಲೆಕೆಳಗು ಮಾಡಿ ನೀರು ಕಕ್ಕಿಸುವುದು ಬೇಡ. ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆ ಅನ್ನುವ ಮೊಬೈಲ್ ಸುದ್ದಿ ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ಗಂಟೆಗಟ್ಟಲೆ ಕಾದರು. ಯಾವ ಮಗುವೂ ಏಳಲಿಲ್ಲ. ಉಸಿರಿಲ್ಲದಿದ್ದರೆ ಕೂಡಲೇ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ಎದೆ ಒತ್ತಬೇಕು, ಜತೆಯವರು 108ಕ್ಕೆ ಫೋನ್ ಮಾಡಬೇಕು. ಒತ್ತುವ ಬಗೆಯನ್ನು ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯವರನ್ನು ಕೇಳಿ ಮೊದಲೇ ಕಲಿತಿರಿ.

ಮೀನು ಸಿಕ್ಕಾಗ

ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗಿ ನಿಂತಿರುತ್ತದೆ, ಬಿಸಿಲೂ ಹಿತ. ಬೆಳಿಗ್ಗೆ ಒಂದು ಗಂಟೆ ಸಾಕು. ಬೇಸರ ಬರುವ ಮೊದಲೇ ಎದ್ದರೆ ಮುಂದಿನ ವಾರ ತಾವೇ ಎಬ್ಬಿಸುತ್ತವೆ.

ಸಿಗುವುದು ಹೆಚ್ಚಾಗಿ ಜಿಲೇಬಿ. 1952ರಲ್ಲಿ ನಮ್ಮ ದೇಶಕ್ಕೆ ತಂದ ಮೀನು, ಈಗ ಎಲ್ಲ ಕೆರೆಯಲ್ಲೂ ಅದೇ. ತಾಯಿಮೀನು ಮೊಟ್ಟೆಯನ್ನು ಬಾಯೊಳಗೆ ಇಟ್ಟುಕೊಂಡಿರುತ್ತದೆ. ಮೊಟ್ಟೆ ಕಂಡರೆ ಮಕ್ಕಳಿಗೆ ತೋರಿಸಿ, ಶಾಲೆಯಲ್ಲಿ ಅದು ಸಿಗುವುದಿಲ್ಲ. ನೀರಿನ ಮೇಲೆ ಕೆಂಪಗೆ ಗುಂಪಾಗಿ ಮರಿಗಳು ಆಡುತ್ತಿದ್ದರೆ ಅದು ಕೊರವನ ಸಂಸಾರ, ಕೆಲವರು ಕುಚ್ಚು ಅನ್ನುತ್ತಾರೆ. ಅಪ್ಪ ಅಮ್ಮ ಕೆಳಗೇ ಕಾಯುತ್ತಿರುತ್ತವೆ. ಅಲ್ಲಿ ಗಾಳ ಹಾಕಬಾರದು, ಕಾಯುವವರು ಹೋದರೆ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತವೆ.

ಕಪ್ಪಗೆ, ಮೀಸೆ ಇರುವ ಮೀನು ಬಂದರೆ ಮಗು ಮುಟ್ಟಬಾರದು. ಚೇಳುಮೀನಿನ ಪಕ್ಕದ ಮುಳ್ಳಿನಲ್ಲಿ ವಿಷ ಇದೆ, ಉರಿ ತಡೆಯಲಾಗುವುದಿಲ್ಲ. ಚುಚ್ಚಿದರೆ ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಆ ಜಾಗ ಅದ್ದಿಟ್ಟರೆ ನೋವು ಇಳಿಯುತ್ತದೆ. ಮಗುವಿನ ಚರ್ಮ ತೆಳು, ನೀರಿಗೆ ಮೊದಲು ನಿಮ್ಮ ಕೈ ಇಡಿ. ಆಮೇಲೆ ಆಸ್ಪತ್ರೆ.

"ಅಜ್ಜಾ, ಮೀನಿಗೆ ನೋವಾಗಲ್ವಾ?" ಅಂತ ಕೇಳದ ಮಗು ಒಂದೂ ಇಲ್ಲ. ಆಗುತ್ತದೆ ಅಂತಲೇ ಹೇಳುತ್ತೇನೆ. ಅದಕ್ಕೇ ತಿನ್ನುವಷ್ಟು ಮಾತ್ರ ಇಟ್ಟುಕೊಳ್ಳುವುದು, ಇಟ್ಟುಕೊಂಡದ್ದನ್ನು ದಂಡೆಯಲ್ಲಿ ಒದ್ದಾಡಲು ಬಿಡದೆ ತಲೆಗೆ ಒಂದೇಟು ಕೊಟ್ಟು ಮುಗಿಸುವುದು. ಬಿಡುವುದಾದರೆ ಒದ್ದೆ ಕೈಯಲ್ಲಿ ಹಿಡಿದು ಬೇಗ ಬಿಡುವುದು. ನಮ್ಮ ಓಣಿಯಲ್ಲಿ ಮೀನು ತಿನ್ನದ ಮನೆಗಳ ಮಕ್ಕಳೂ ಬರುತ್ತವೆ. ಅವರ ತಾಯಂದಿರಿಗೆ ಮೊದಲೇ ಹೇಳಿ ಒಪ್ಪಿಸಿದ್ದೇನೆ. ಅವು ಗಾಳವಿಲ್ಲದ ದಾರಕ್ಕೆ ಮುದ್ದೆ ಕಟ್ಟಿ ಮೀನು ಮೇಯಿಸುತ್ತವೆ. ಪಾಠಕ್ಕೆ ಅಷ್ಟೇ ಸಾಕು.

ಹೋಗುವ ಮೊದಲು ಕೆರೆ ಯಾರ ಕೈಯಲ್ಲಿದೆ ಕೇಳಿ. ಸಣ್ಣ ಕೆರೆಗಳನ್ನು ಪಂಚಾಯ್ತಿ, ದೊಡ್ಡವನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಟ್ಟಿರುತ್ತದೆ. ಗುತ್ತಿಗೆಯವರು ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾರೆ. ಮಕ್ಕಳನ್ನೇ ಮುಂದೆ ಬಿಟ್ಟು ಕೇಳಿಸಿ, ಬೇಡ ಅಂದವರನ್ನು ನಾನು ಇನ್ನೂ ಕಂಡಿಲ್ಲ. ಬಲೆ ಹಾಕುವವರು ಎಲ್ಲಿ ಆಳ, ಎಲ್ಲಿ ಕೆಸರು ಅಂತಲೂ ಹೇಳುತ್ತಾರೆ. ಕರೆಂಟು ಬಿಟ್ಟು ಮೀನು ಹಿಡಿಯುವವರು ಕಂಡರೆ ಮಾತ್ರ ಮಕ್ಕಳನ್ನು ಎಬ್ಬಿಸಿಕೊಂಡು ಬಂದುಬಿಡಿ.

ಏಳುವಾಗ ಗಾಳ ಎಣಿಸಬೇಕು. ಐದು ತಂದಿದ್ದರೆ ಐದೂ ಡಬ್ಬಿಗೆ ಬರಬೇಕು. ತುಂಡಾದ ದಾರವನ್ನೂ ಸುತ್ತಿ ತರಬೇಕು, ಬೆಳ್ಳಕ್ಕಿಯ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಗಾಳ ಕಡಿಮೆ ಬಂದರೆ ಎಲ್ಲರೂ ಕೂತು ಹುಡುಕುವುದು. ನೀರು ಇಳಿದ ಮೇಲೆ ಅಲ್ಲಿ ಕುರಿ ಮೇಯುತ್ತವೆ.