ಹಿಗ್ಗುವ ಹಾಳೆ, ಹರಿಯುವ ದ್ರವ

ನನ್ನ ತಂದೆಯವರು ಪ್ಲಾಸ್ಟಿಕ್ ಹಾಳೆ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೂಲಿ. ಬಿಸಿ ಹಾಳೆಯನ್ನು ಎಳೆಯುತ್ತ, ನೀರಿನ ತೊಟ್ಟಿಯಲ್ಲಿ ಹಾಯಿಸಿ ತಣಿಸುವುದು ಅಲ್ಲಿನ ಕ್ರಮ. ಒಮ್ಮೆ ಹಾಳೆ ಸುಕ್ಕುಗಟ್ಟಿತೆಂದು ಅವರ ಅರ್ಧ ದಿನದ ಕೂಲಿಯನ್ನು ಹಿಡಿದುಕೊಂಡರು. "ಕೈಯೂ ಅದೇ, ನೀರೂ ಅದೇ. ಸುಕ್ಕು ಯಾಕೆ ಬಂತು? ಓದಿದವನು ನೀನು, ಹೇಳು ಮಗ" ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಉತ್ತರ ತಿಳಿಯದೆ ತಲೆ ತಗ್ಗಿಸಿದೆ. ಆಮೇಲೆ ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

ರಬ್ಬರ್ ಪಟ್ಟಿಯ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ, ಮೇಲೆ ಮಸಿಯ ಚುಕ್ಕೆಗಳನ್ನಿಟ್ಟು ಎಳೆಯಿರಿ. ಎರಡರಷ್ಟು ದೂರದ ಚುಕ್ಕೆ ಎರಡರಷ್ಟು ವೇಗದಲ್ಲಿ ಸರಿಯುತ್ತದೆ. ಹೀಗೆ ಹಿಗ್ಗುವ ಹಾಳೆಯು ತನ್ನ ಮಗ್ಗುಲಿನ ದ್ರವವನ್ನೂ ಎಳೆದೊಯ್ಯುತ್ತದೆ. ಆ ಚಲನೆ ಹಾಳೆಗಂಟಿದ ತೆಳುವಾದ ಪದರದಲ್ಲಿಯೇ ಉಂಟು. ಇದಕ್ಕೆ ಸೀಮಾಪದರವೆಂದು ಹೆಸರು. ಹಾಳೆಯ ಶಾಖವು ಹೊರಗೆ ಹೋಗಬೇಕಾದರೆ ಈ ದ್ರವವನ್ನು ಹಾದೇ ಹೋಗಬೇಕು. 1970ರಲ್ಲಿ ಕ್ರೇನ್ ಎಂಬ ವಿದ್ವಾಂಸರು ಈ ಹರಿವಿಗೆ ಸರಳವೂ ನಿಖರವೂ ಆದ ಸೂತ್ರವನ್ನು ಕೊಟ್ಟರು.

ದ್ರವವು ವಿದ್ಯುದ್ವಾಹಕವಾಗಿದ್ದು, ಹಾಳೆಗೆ ಲಂಬವಾಗಿ ಕಾಂತಕ್ಷೇತ್ರವಿದ್ದರೆ, ಹರಿವನ್ನು ತಡೆಯುವ ಬಲವೊಂದು ಹುಟ್ಟುತ್ತದೆ. ಕ್ಷೇತ್ರದ ಪ್ರಭಾವವನ್ನು 'ಎಂ' ಎಂಬ ಸಂಖ್ಯೆಯಿಂದ ಸೂಚಿಸಿದರೆ, ಹಾಳೆಯ ಮೇಲಿನ ಘರ್ಷಣೆಯು (1 + ಎಂ)ನ ವರ್ಗಮೂಲದಷ್ಟು ಪಟ್ಟು ಆಗುತ್ತದೆ. ಎಂ = 3 ಆದರೆ ಘರ್ಷಣೆ ಇಮ್ಮಡಿ; ಚಲಿಸುವ ಪದರದ ದಪ್ಪ ಅರ್ಧ. ದ್ರವದ ಓಟ ತಗ್ಗಿದುದರಿಂದ ಅದು ಶಾಖವನ್ನು ಹೊತ್ತೊಯ್ಯುವುದೂ ತಗ್ಗಿ, ಹಾಳೆ ಮೆಲ್ಲಗೆ ತಣಿಯುತ್ತದೆ.

ಇದು ನ್ಯೂಟನ್ನನ ನಿಯಮಕ್ಕೆ ಒಳಪಟ್ಟ ದ್ರವಗಳ ಲೆಕ್ಕ. ನಮ್ಮ ರಾಗಿ ಅಂಬಲಿಯು ಆ ಜಾತಿಯದಲ್ಲ. ಜೋರಾಗಿ ಕಲಕಿದಷ್ಟೂ ಸಡಿಲವಾಗುತ್ತದೆ. ಇಂಥ ದ್ರವದ ಸ್ನಿಗ್ಧತೆ ಹಾಳೆಯ ಬಳಿ ಒಂದು, ದೂರದಲ್ಲಿ ಇನ್ನೊಂದು. ಆದುದರಿಂದ ಇವುಗಳ ಸಮೀಕರಣಗಳನ್ನು ಬಹುಮಟ್ಟಿಗೆ ಗಣಕಯಂತ್ರದಿಂದಲೇ ಬಿಡಿಸಬೇಕಾಗುತ್ತದೆ.

ಹಾಳೆ ಒಂದೆಡೆ ಬೇಗ, ಇನ್ನೊಂದೆಡೆ ತಡವಾಗಿ ತಣಿದರೆ ಸಮನಾಗಿ ಕುಗ್ಗದೆ ಸುಕ್ಕು ಬೀಳಬಹುದು, ಕೈಯೊಂದೇ ಕಾರಣವಲ್ಲ ಎಂದು ತಂದೆಯವರಿಗೆ ವಿವರಿಸಿದೆ. "ಹಾಗಾದರೆ ತೊಟ್ಟಿಗೆ ಅಯಸ್ಕಾಂತ ಇಟ್ಟರೆ ಸರಿಹೋಗುತ್ತಾ?" ಎಂದರು. ಇಲ್ಲ, ಬರಿಯ ನೀರು ವಿದ್ಯುತ್ತನ್ನು ಅಷ್ಟಾಗಿ ಒಯ್ಯುವುದಿಲ್ಲ. ಕರಗಿದ ಉಕ್ಕನ್ನು ಎರಕ ಹೊಯ್ಯುವಲ್ಲಿ ಕಾಂತಕ್ಷೇತ್ರದಿಂದ ಹರಿವನ್ನು ಹಿಡಿತದಲ್ಲಿಡುವುದುಂಟು ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೆಲ್ಲ ಮೇಸ್ತ್ರಿಗೆ ಹೇಳೋರು ಯಾರು?" ಎಂದರು. ಆ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.