ಊರ ಬೇವಿನ ಹೆಸರಿನಲ್ಲೊಂದು ಖಾತೆ

"ಗಾಯರಾಣದಾಗ ನಾಲ್ಕು ಗಿಡ ಹಚ್ಚಬೇಕಂತೀವಿ, ರೊಕ್ಕ ಯಾರು ಕೊಡ್ತಾರ?" ಮಹಾರಾಷ್ಟ್ರದ ತುರೋರಿ, ಉಮರ್ಗಾ, ನಿಲಂಗಾ, ಉದಗೀರದ ಸುತ್ತ ಕನ್ನಡ ಮಾತಾಡುವ ಊರುಗಳಲ್ಲಿ ಯುವಕ ಮಂಡಳಿಯಾಗಲಿ ಹೆಣ್ಣುಮಕ್ಕಳ ಬಚತ್ ಗಟವಾಗಲಿ ಮೊದಲು ಕೇಳುವುದು ಇದನ್ನೇ. ಉತ್ತರ ಕೇಳಿದರೆ ಬಹಳ ಮಂದಿಗೆ ಆಶ್ಚರ್ಯವಾಗುತ್ತದೆ. ಆ ರೊಕ್ಕಕ್ಕೆಂದೇ ಪ್ರತಿ ಪಂಚಾಯತಿಗೂ ಒಂದು ನಿಧಿ ಇರಬೇಕೆಂದು ದೇಶದ ಕಾನೂನು ಇಪ್ಪತ್ತು ವರ್ಷಗಳ ಹಿಂದೆಯೇ ಹೇಳಿಬಿಟ್ಟಿದೆ. ಅದನ್ನು ಖರ್ಚು ಮಾಡಬೇಕಾದ ಸಮಿತಿಯೂ ನಿಮ್ಮೂರಲ್ಲಿ ಕನಿಷ್ಠ ಕಾಗದದ ಮೇಲಾದರೂ ಇರಬೇಕು.

ಆ ಕಾನೂನು ಜೀವವೈವಿಧ್ಯ ಕಾಯ್ದೆ, 2002. ಇದರ ಕಲಂ 41ರ ಪ್ರಕಾರ ಪ್ರತಿ ಗ್ರಾಮ ಪಂಚಾಯತಿ, ನಗರಸಭೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಲೇಬೇಕು. ಪಂಚಾಯತಿ ಆಫೀಸಿನಲ್ಲಿ ಕೇಳುವಾಗ 'ಜೈವವಿವಿಧತಾ ವ್ಯವಸ್ಥಾಪನ ಸಮಿತಿ' ಅನ್ನಿ, ಗ್ರಾಮಸೇವಕರಿಗೆ ಬೇಗ ತಿಳಿಯುತ್ತದೆ. 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಸಮಿತಿಯಲ್ಲಿ 7ಕ್ಕೆ ಕಡಿಮೆಯಿಲ್ಲದೆ, 11ಕ್ಕೆ ಮೀರದೆ ಸದಸ್ಯರಿರಬೇಕು.

ಈ ಸಮಿತಿಗಳು ಹುಟ್ಟಿದ ಬಗೆಯನ್ನೂ ತಿಳಿದಿರಬೇಕು. ಕಾಯ್ದೆ ಬಂದು ಎಷ್ಟೋ ವರ್ಷ ರಾಜ್ಯಗಳು ಇದರ ಕಡೆ ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಆಗಸ್ಟ್ 9ರಂದು ಗಡುವು ಕೊಟ್ಟಿತು: 2020ರ ಜನವರಿ 31ರೊಳಗೆ ಎಲ್ಲ ಕಡೆ ಸಮಿತಿಗಳೂ, ಊರಿನ ಜೀವಸಂಪತ್ತನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಗಳೂ ಆಗಿರಬೇಕು, ಇಲ್ಲದಿದ್ದರೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು. ಆಮೇಲೆ ನಡೆದದ್ದು ಓಟ. ಬಹಳ ಕಡೆ ಹೆಸರುಗಳನ್ನು ಬರೆದು ಠರಾವು ಮಾಡಿ ಕಳಿಸಿದರು, ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿರಲಿಲ್ಲ. ಆದ್ದರಿಂದ ಹೊಸ ಸಮಿತಿ ಬೇಕೆಂದು ಹೊರಡುವ ಮೊದಲು ಹಳೆಯ ಸಮಿತಿಯಲ್ಲಿ ಯಾರ ಹೆಸರಿದೆ ಎಂದು ಕೇಳಿ. ನಿಮ್ಮ ಅತ್ತೆಯ ಹೆಸರೇ ಅಲ್ಲಿರಬಹುದು.

ಇನ್ನು ನಿಧಿಯ ಮಾತು. ಕಲಂ 43ರ ಪ್ರಕಾರ 'ಸ್ಥಳೀಯ ಜೀವವೈವಿಧ್ಯ ನಿಧಿ' ಎಂಬುದೊಂದು ಸ್ಥಾಪನೆಯಾಗಬೇಕು. ರಾಜ್ಯ ಸರ್ಕಾರ ಕೊಡುವ ಅನುದಾನ ಅಥವಾ ಸಾಲ, ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಹಣ, ನಾಗಪುರದಲ್ಲಿರುವ ಮಹಾರಾಷ್ಟ್ರ ರಾಜ್ಯ ಜೈವವಿವಿಧತಾ ಮಂಡಳದ ಹಣ, ಸಮಿತಿಯೇ ವಸೂಲು ಮಾಡುವ ಶುಲ್ಕ, ರಾಜ್ಯ ತೀರ್ಮಾನಿಸಿದ ಬೇರೆ ಮೂಲಗಳ ಹಣ, ಎಲ್ಲವೂ ಅದಕ್ಕೆ ಸೇರಬೇಕು. ಖರ್ಚು ಯಾವುದಕ್ಕೆ ಎಂಬುದು ಕಲಂ 44ರಲ್ಲಿದೆ: ಆ ಪಂಚಾಯತಿಯ ಹದ್ದಿನೊಳಗಿನ ಜೀವವೈವಿಧ್ಯದ ರಕ್ಷಣೆ, ಮತ್ತು ಆ ರಕ್ಷಣೆಗೆ ಹೊಂದುವಂಥ ಊರವರ ಹಿತ. ಇದರಿಂದ ರಸ್ತೆಗೆ ಪೇವರ್ ಹಾಕುವಂತಿಲ್ಲ, ಕಮಾನು ಕಟ್ಟುವಂತಿಲ್ಲ.

ಶುಲ್ಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವ್ಯಾಪಾರಕ್ಕಾಗಿ ನಿಮ್ಮ ಹದ್ದಿನಿಂದ ಸೊಪ್ಪು, ಬೇರು, ತೊಗಟೆ, ಬೀಜ ಕೂಡಿಸಿಕೊಂಡು ಹೋಗುವವರ ಮೇಲೆ ಸಮಿತಿ ಸಂಗ್ರಹ ಶುಲ್ಕ ಹಾಕಬಹುದು. ಕಲಂ 41ರ 3ನೇ ಉಪಕಲಂ ಆ ಅಧಿಕಾರ ಕೊಟ್ಟಿದೆ. ಇದರ ಜೊತೆ ಲಾಭ ಹಂಚಿಕೆಯ ದಾರಿ ಬೇರೆ ಇದೆ. ನಮಗೆ ದೂರವಲ್ಲದ ತೆಲಂಗಾಣದ ಅಮರಚಿಂತದಲ್ಲಿ ಇದು ನಡೆದು ತೋರಿಸಿದೆ. ಅಲ್ಲಿಂದ ಒಣ ಬೇವಿನೆಲೆ ಜಪಾನಿಗೆ ಹೋಯಿತು, ಸುಮಾರು 2,000 ಕಿಲೋ. ಅದನ್ನು ಕಳಿಸಿದ ಕಂಪನಿ ಕಟ್ಟಿದ ಪಾಲಿನಲ್ಲಿ ಸುಮಾರು 55,000 ರೂಪಾಯಿ ಅಲ್ಲಿನ ಸಮಿತಿಗೆ ಬಂತು, ಬೇವು ಹಚ್ಚಲು, ಜನರಿಗೆ ತಿಳಿವಳಿಕೆ ಕೊಡಲು. ಮೊತ್ತ ದೊಡ್ಡದಲ್ಲ. ಆದರೆ ಒಂದೂರಿನ ಬೇವಿನೆಲೆಗೆ ಆ ಊರಿಗೇ ಪಾಲು ಸಲ್ಲಬೇಕೆಂಬ ಮಾತು ಲೆಕ್ಕಪುಸ್ತಕಕ್ಕೆ ಹತ್ತಿತಲ್ಲ, ನನಗೆ ಅದು ದೊಡ್ಡದು. ಪರದೇಶದ ಕಂಪನಿ ಮಾತ್ರ ಕೊಟ್ಟರೆ ಸಾಕೆಂಬ ವಾದವನ್ನು ಉತ್ತರಾಖಂಡ ಹೈಕೋರ್ಟು 2018ರ ಡಿಸೆಂಬರಿನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ತಳ್ಳಿಹಾಕಿ, ಭಾರತದ ಕಂಪನಿಗಳೂ ಲಾಭದ ಪಾಲು ಕೊಡಬೇಕೆಂದಿತು.

ಎಚ್ಚರವೂ ಬೇಕು. ಸರಕಾಗಿ ದಿನವೂ ಮಾರಾಟವಾಗುವ ವಸ್ತುಗಳದ್ದೊಂದು ಪಟ್ಟಿಯನ್ನು ಕೇಂದ್ರ ಸರ್ಕಾರ ಕಲಂ 40ರಡಿ ಹೊರಡಿಸಿದೆ, ಅವಕ್ಕೆ ವಿನಾಯಿತಿ ಇದೆ. ಬೆಳೆಸಿದ ಔಷಧಿ ಗಿಡಗಳಿಗೂ 2023ರ ತಿದ್ದುಪಡಿ ಸಡಿಲಿಕೆ ಕೊಟ್ಟಿದೆ. ಊರಿನ ವೈದ್ಯರು, ಹಕೀಮರು, ಊರವರೇ ಬಳಸುವುದಕ್ಕೆ ಮೊದಲಿನಿಂದಲೂ ಅಡ್ಡಿಯಿಲ್ಲ. ಪಟ್ಟಿ ನೋಡದೆ ವ್ಯಾಪಾರಿಯ ಗಾಡಿ ತಡೆದರೆ ತಪ್ಪು ನಿಮ್ಮ ಮೇಲೆಯೇ ಬರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಹಣದ ಬೀಗದ ಕೈ ಇರುವುದು ಒಂದು ದಪ್ಪ ವಹಿಯಲ್ಲಿ. ಅದೇ ಜನತಾ ಜೀವವೈವಿಧ್ಯ ದಾಖಲಾತಿ, ಮರಾಠಿಯಲ್ಲಿ ಲೋಕ ಜೈವವಿವಿಧತಾ ನೋಂದವಹಿ. ಊರವರನ್ನು ಕೇಳಿಯೇ ಅದನ್ನು ಬರೆಯಬೇಕೆನ್ನುತ್ತದೆ ನಿಯಮ. ಊರಲ್ಲಿ ಏನಿದೆ ಎಂಬುದಕ್ಕೆ ಪುರಾವೆಯಿಲ್ಲದಿದ್ದರೆ ಮಂಡಳಕ್ಕೆ ಕಳಿಸುವ ಯಾವ ಅರ್ಜಿಗೂ ಕಾಲಿರುವುದಿಲ್ಲ. ಗಡಿಯ ಊರುಗಳಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ನಿಲಂಗಾ, ಉದಗೀರ 1956ರ ತನಕ ಬೀದರ ಜಿಲ್ಲೆಯವು. ಅಲ್ಲಿನ ಮುದುಕಿ ತಂಗಡಿ ಅನ್ನುವುದನ್ನು ವಹಿ ತರವಡ ಅನ್ನುತ್ತದೆ, ಅವಳ ಉತ್ತರಾಣಿ ಅದರಲ್ಲಿ ಆಘಾಡಾ, ಅವಳ ಮುತ್ತುಗ ಪಳಸ. ಬರೆಯಲು ಬಂದವರಿಗೆ ಮರಾಠಿ ಮಾತ್ರ ಗೊತ್ತಿದ್ದರೆ ಅವಳನ್ನು ಕೇಳುವುದೇ ಇಲ್ಲ. ಹೆಸರಿನ ಜೊತೆ ಆ ಗಿಡ ಯಾವ ನೋವಿಗೆ, ಯಾವ ದನಕ್ಕೆ, ಯಾವ ತಿಂಗಳಿಗೆ ಎಂಬ ತಿಳಿವಳಿಕೆಯೂ ಹೊರಗುಳಿಯುತ್ತದೆ. ಸ್ಥಳೀಯ ಹೆಸರಿನ ಅಂಕಣದಲ್ಲಿ ಕನ್ನಡ ಹೆಸರನ್ನೂ ಬರೆಯಿಸುವುದು ನಿಮ್ಮ ಹಕ್ಕು, ಪಟ್ಟು ಹಿಡಿಯಿರಿ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಎಳ್ಳಮಾವಾಸ್ಯೆಯಿಂದ ಮಾಡಿ. ಗಡಿಯ ಆಚೆ ಈಚೆ ಇಬ್ಬರೂ ಆಚರಿಸುವ, ಮರಾಠಿಯವರೂ ಯೇಳವಸ ಎಂದೇ ಕರೆಯುವ ಹಬ್ಬ. ಅಂದು ಭಜ್ಜಿಯ ಗಡಿಗೆಗೆ ಬೀಳುವ ಕಾಳು, ಸೊಪ್ಪು ಒಂದೊಂದರ ಹೆಸರನ್ನು ಹೆಣ್ಣುಮಕ್ಕಳಿಂದ ಬರೆಸಿಕೊಂಡರೆ ವಹಿಯ ಒಂದು ಭಾಗ ತಾನಾಗಿ ತುಂಬುತ್ತದೆ. ಮನೆತನದ ಔಷಧಿಯ ಗುಟ್ಟಿದ್ದರೆ ಮಾತ್ರ ಪೂರ್ತಿ ಬಿಚ್ಚಬೇಡಿ, ಗೋಪ್ಯವಾಗಿಡಬೇಕೆಂದು ಬರೆಯಿಸಿ.

ಬರೀ ಕಾಡುಗಿಡಗಳಲ್ಲ, ಸಾಕಿದ ತಳಿಗಳೂ ನಾಡಬೀಜಗಳೂ ಈ ಕಾಯ್ದೆಯ ನೆರಳಿನಲ್ಲಿವೆ. ಈ ಸೀಮೆ ಅದರಲ್ಲಿ ಶ್ರೀಮಂತ. ಉದಗೀರದ ಪಕ್ಕದ ದೇವಣಿಯ ಹೆಸರಿನದೇ ದನ, ಧಾರಾಶಿವದ ಹಳೆಯ ಹೆಸರು ಹೊತ್ತ ಉಸ್ಮಾನಾಬಾದಿ ಆಡು, ನಿಲಂಗಾ ತಾಲ್ಲೂಕಿನ ಪಾನಚಿಂಚೋಳಿಯ ಹುಣಸೆ, ಬೋರಸುರಿಯ ತೊಗರಿಬೇಳೆ. ಕೊನೆಯ ಎರಡಕ್ಕೂ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಒಳ್ಳೆಯ ದೇವಣಿ ಹೋರಿಯೊಂದನ್ನು ಊರ ಪರವಾಗಿ ಸಾಕುವ ಯೋಜನೆಯನ್ನೂ ಸಮಿತಿಯ ಮುಂದಿಡಬಹುದು. ಹುಣಸೆ ತೋಪು ಹಳೆಯದಿದ್ದರೆ ಬೆಂಗಳೂರು ಗ್ರಾಮಾಂತರದ ನಲ್ಲೂರಿನ ಮಾದರಿ ನೋಡಿ: ದೇವನಹಳ್ಳಿ ಹತ್ತಿರದ ಸುಮಾರು 54 ಎಕರೆಯ ಆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕಲಂ 37ರಡಿ ಸ್ಥಳೀಯ ಸಂಸ್ಥೆಯನ್ನು ಕೇಳಿಯೇ ರಾಜ್ಯ ಸರ್ಕಾರ ಇಂಥ ಘೋಷಣೆ ಮಾಡಬೇಕು, ಹಾಗಾಗಿ ಗ್ರಾಮಸಭೆಯ ಠರಾವಿಗೆ ಬೆಲೆಯಿದೆ.

ನಾಡಬೀಜ ಉಳಿಸಿಕೊಂಡ ರೈತರ ಗುಂಪಿಗೆ ಮತ್ತೊಂದು ಬಾಗಿಲಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರಡಿ ಕೊಡುವ ಸಮುದಾಯ ಪ್ರಶಸ್ತಿ 10 ಲಕ್ಷ ರೂಪಾಯಿಯದು. ರೈತರ ತಳಿ ನೋಂದಣಿಗೆ ಶುಲ್ಕವಿಲ್ಲ. ಅರ್ಜಿಗೆ ಶಿಫಾರಸಿನ ಸಹಿ ಬೇಕು, ಅದನ್ನು ಹಾಕಬಲ್ಲವರಲ್ಲಿ ಪಂಚಾಯತಿಯ ಜೀವವೈವಿಧ್ಯ ಸಮಿತಿಯ ಅಧ್ಯಕ್ಷರೂ ಒಬ್ಬರು. ಮತ್ತೆ ಅದೇ ಸಮಿತಿ.

ನಿಮ್ಮ ಗುಂಪು ನೇರವಾಗಿ ಈ ನಿಧಿಯಿಂದ ಹಣ ತೆಗೆಯುವಂತಿಲ್ಲ. ಸಮಿತಿಯ ಠರಾವಿನ ಮೇಲೆ, ಸಮಿತಿಯ ಕೆಲಸವನ್ನು ನೀವು ಮಾಡಬೇಕು. ಸ್ವತಂತ್ರವಾಗಿ ಹಣ ತರಬೇಕೆಂದರೆ ನೋಂದಣಿ ಬೇಕು. ಮಹಾರಾಷ್ಟ್ರದಲ್ಲಿ 1860ರ ಸಂಸ್ಥೆಗಳ ನೋಂದಣಿ ಕಾಯ್ದೆಯ ಜೊತೆಗೆ 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ಧರ್ಮಾದಾಯ ಆಯುಕ್ತರ ಕಚೇರಿಯ ನೋಂದಣಿಯೂ ಬೇಕು. ಕಂಪನಿಗಳ ಸಿಎಸ್‌ಆರ್ ಹಣಕ್ಕೆ ಅದರ ಮೇಲೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಮತ್ತು ಸಿಎಸ್‌ಆರ್-1 ನಮೂನೆ. ಹೊರದೇಶದ ಹಣ ಎಫ್‌ಸಿಆರ್‌ಎ ಅನುಮತಿಯಿಲ್ಲದೆ ಒಂದು ರೂಪಾಯಿಯೂ ಬೇಡ, ಪರದೇಶದಲ್ಲಿರುವ ಊರಿನ ಗೆಳೆಯ ಪ್ರೀತಿಯಿಂದ ಕೊಟ್ಟರೂ ಅವನ ಪಾಸ್‌ಪೋರ್ಟು ಯಾವುದೆಂದು ಮೊದಲು ಕೇಳಿ.

ಜಾಗದ ಪ್ರಶ್ನೆ ಹಣಕ್ಕಿಂತ ಕಠಿಣ. ಗಾಯರಾಣ ಒತ್ತುವರಿಯಾಗಿದ್ದರೆ ಸಸಿ ಎಲ್ಲಿ ಹಚ್ಚುತ್ತೀರಿ? ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳಿಗೂ ಹೇಳಿದೆ. ಮಹಾರಾಷ್ಟ್ರದ ಗ್ರಾಮ ಪಂಚಾಯತಿ ಕಾಯ್ದೆಯ ಕಲಂ 53 ತೆರವಿನ ಅಧಿಕಾರವನ್ನು ಪಂಚಾಯತಿಗೂ, ಅದು ಸುಮ್ಮನಿದ್ದರೆ ಜಿಲ್ಲಾಧಿಕಾರಿಗೂ ಕೊಟ್ಟಿದೆ. ಯೋಜನೆ ಬರೆಯುವ ಮೊದಲು ತಲಾಠಿಯಿಂದ ಆ ಗಟ್ ನಂಬರಿನ ಸಾತ್‌ಬಾರಾ ಉತಾರೆ ತೆಗೆಸಿ.

ಸಮಿತಿ ಸಭೆಯನ್ನೇ ಕರೆಯದಿದ್ದರೆ? ಕಾಯ್ದೆಯಂತೆ ಸಮಿತಿ ಪ್ರತಿ ವರ್ಷ ವರದಿ ಕೊಡಬೇಕು, ಲೆಕ್ಕ ತಪಾಸಣೆಯಾಗಬೇಕು, ಎರಡೂ ಜಿಲ್ಲಾಧಿಕಾರಿಗೆ ತಲುಪಬೇಕು. ಇವನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಿ: ಸಮಿತಿ ರಚನೆಯ ಠರಾವು, ಸದಸ್ಯರ ಹೆಸರು, ದಾಖಲಾತಿಯ ಪ್ರತಿ, ನಿಧಿಯ ಪಾಸ್‌ಬುಕ್ಕಿನ ನಕಲು, ಕಳೆದ ವರ್ಷಗಳ ವರದಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ.

ಭಾಷೆಯ ಬಗ್ಗೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಮಾಹಿತಿ ಹಕ್ಕಿನ ಅರ್ಜಿ ಇಂಗ್ಲಿಷು, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು, ಅಂದರೆ ಇಲ್ಲಿ ಮರಾಠಿಯಲ್ಲಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. ಆದರೆ ಕುಂದುಕೊರತೆಯ ಮನವಿಗೆ ಈ ಕಟ್ಟಿಲ್ಲ. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಮನವಿ ಕೊಡಬಹುದು. ಧಾರಾಶಿವದ ಅಥವಾ ಲಾತೂರಿನ ಜಿಲ್ಲಾಧಿಕಾರಿಗೆ ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಕೆಲಸ ಬೇಗ ಆಗಲೆಂದು ಜೊತೆಗೊಂದು ಮರಾಠಿ ಅನುವಾದ ಇಟ್ಟರೆ ಒಳ್ಳೆಯದು, ಅದು ನಿಮ್ಮ ಜಾಣತನ, ಕಾನೂನಿನ ಷರತ್ತಲ್ಲ.

ವಹಿಯೂ ಸಮಿತಿಯೂ ಬರೀ ಹೆಸರಿಗೆ ಎಂದು ತಿಳಿದ ಮೇಲೆ ಗ್ರಾಮಸಭೆಗೆ ಹೋಗಿ. ವರ್ಷಕ್ಕೆ ನಾಲ್ಕು ಸಭೆಗಳಾದರೂ ಆಗಬೇಕು, ರೂಢಿಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ಕ್ಕೆ ಕರೆಯುತ್ತಾರೆ. ವಿಷಯಪಟ್ಟಿಯಲ್ಲಿ ಸೇರಿಸಲು ಸರಪಂಚರಿಗೆ ಮೊದಲೇ ಬರೆದುಕೊಟ್ಟು, ನಕಲಿನ ಮೇಲೆ ಆವಕ ಕ್ರಮಾಂಕ ಹಾಕಿಸಿಕೊಳ್ಳಿ. 'ಆಮಚಂ ಗಾಂವ ಆಮಚಾ ವಿಕಾಸ' ಯೋಜನೆಯ ಪಟ್ಟಿಯಲ್ಲೂ ಅದೇ ಕೆಲಸ ಬರೆಸಿದರೆ ಹಣಕಾಸು ಆಯೋಗದ ಅನುದಾನದ ಆಸೆಯೂ ಉಳಿಯುತ್ತದೆ.

ಇಷ್ಟಾದರೂ ಯಾರೂ ಕದಲದಿದ್ದರೆ ಹಸಿರು ನ್ಯಾಯಮಂಡಳಿಯ ಪಶ್ಚಿಮ ಪೀಠ ಪುಣೆಯಲ್ಲಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿದೆ, ತಾಲ್ಲೂಕು ವಿಧಿ ಸೇವಾ ಸಮಿತಿಯಲ್ಲಿ ಅಥವಾ 15100 ಸಂಖ್ಯೆಗೆ ಕೇಳಿ. ಬಚತ್ ಗಟದ ಅಕ್ಕಂದಿರೇ ಅರ್ಜಿದಾರರಾದರೆ ಈ ದಾರಿ ಸಲೀಸು. ತಕರಾರಿನ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಸಕಾರಣವಿದ್ದರೆ ಇನ್ನು 60 ದಿನ ಸಿಗಬಹುದು. ಆದ್ದರಿಂದ ತೋಪಿಗೆ ಕೊಡಲಿ ಬಿದ್ದ ತಾರೀಖನ್ನು, ಪಂಚನಾಮೆಯ ನಕಲನ್ನು, ನಾಲ್ಕು ಫೋಟೋಗಳನ್ನು ಅಂದೇ ಒಂದು ಫೈಲಿಗೆ ಸೇರಿಸಿಡಿ.