ಸಸಿಮಡಿಯಲ್ಲಿ ಕಾಂಗ್ರೆಸ್ ಕಸ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಸದಾಗಿ ನರ್ಸರಿ ಹಾಕುವವರು ಮೊದಲು ಗುರುತು ಹಿಡಿಯಬೇಕಾದ ಕಸ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸ. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಈಗ ಅದಿಲ್ಲದ ಬದುವಿಲ್ಲ.

ಬೆಳೆದು ನಿಂತ ಗಿಡವನ್ನು ಎಲ್ಲರೂ ಬಲ್ಲರು. ಮೋಸ ಹೋಗುವುದು ಎಳೆಯದರಲ್ಲಿ, ಏಕೆಂದರೆ ಅದು ಚೆಂಡುಹೂವಿನ ಸಸಿಯಂತೆಯೇ ಕಾಣುತ್ತದೆ. ಮಡಿಯ ಪಕ್ಕ ಕೂತು ನೋಡಿ. ಚೆಂಡುಹೂವಿನ ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಿ ಮೂಡುತ್ತವೆ, ತಿಕ್ಕಿದರೆ ಅದರದೇ ಘಾಟು ವಾಸನೆ. ಕಾಂಗ್ರೆಸ್ ಕಸದ ಎಲೆಗಳು ಆಳವಾಗಿ ಸೀಳಿ, ಸಣ್ಣ ರೋಮ ಹೊದ್ದು, ನೆಲಕ್ಕಂಟಿ ಸುತ್ತಲೂ ಹರಡಿರುತ್ತವೆ. ಆಮೇಲೆ ಉದ್ದುದ್ದ ಗೆರೆಯ ಕಾಂಡ ಎದ್ದು, ಐದು ಮೂಲೆಯ ಪುಟ್ಟ ಬಿಳಿ ಹೂ ಬಿಡುತ್ತದೆ. ಒಂದು ಹೂವಿಗೆ ಸಾಮಾನ್ಯವಾಗಿ ಐದು ಬೀಜ, ಒಂದು ದೊಡ್ಡ ಗಿಡಕ್ಕೆ ಸಾವಿರಾರು. ಮೊಳೆತು ಒಂದೂವರೆ ತಿಂಗಳೊಳಗೇ ಹೂ ಬರಬಹುದಾದ್ದರಿಂದ ತಡಮಾಡುವಂತಿಲ್ಲ.

ಬೀಜ ನರ್ಸರಿಗೆ ಬರುವುದು ಹೆಚ್ಚಾಗಿ ಅರೆಕೊಳೆತ ತಿಪ್ಪೆಗೊಬ್ಬರ ಮತ್ತು ಹೊರಗಿನ ಮಣ್ಣಿನಲ್ಲಿ. ಅಲ್ಲೇ ತಡೆಯುವುದು ನನ್ನ ಮಟ್ಟಿಗೆ ಅರ್ಧ ಕೆಲಸ. ನಮ್ಮ ಏಪ್ರಿಲ್–ಮೇ ಬಿಸಿಲು ಇದಕ್ಕೆ ವರ. ಮಡಿಯನ್ನು ಹದ ಮಾಡಿ, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಮೇಲ್ಮಣ್ಣಿನ ಬಹುಪಾಲು ಬೀಜ ಬೆಂದುಹೋಗುತ್ತದೆ. ಕಪ್ಪು ಹಾಳೆ ಇಷ್ಟು ಕಾವು ಕೊಡುವುದಿಲ್ಲ.

ಆದರೂ ಹುಟ್ಟಿದ್ದನ್ನು ನೀರು ಬಿಟ್ಟ ಮೇಲೆ, ಹೂವಿಗೆ ಮೊದಲೇ, ಬೇರುಸಹಿತ ಕೀಳಬೇಕು. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಬರಿಗೈ ಬೇಡವೇ ಬೇಡ, ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಇದು ತುರಿಕೆ, ಚರ್ಮದ ಉರಿಯೂತ, ಉಬ್ಬಸ ತರುವ ಗಿಡ, ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೂ ಇದನ್ನು ಬಿಡಿಸಿ ಹೇಳಿ. ಹೂವಾಗದ ಗಿಡ ಕಾಂಪೋಸ್ಟ್ ಗುಂಡಿಗೆ ಹೋಗಲಿ, ಹೂವಾದದ್ದು ಬೇಡ.

ಉಪ್ಪುನೀರು ಸಿಂಪಡಿಸಿದರೆ ಕಾಂಗ್ರೆಸ್ ಕಸ ಒಣಗುವುದು ನಿಜ. ಆದರೆ ನೀರು ಬಸಿಯದ ನಮ್ಮ ಎರೆಮಣ್ಣಿಗೆ ಉಪ್ಪು ಸೇರಿಸುವುದನ್ನು ನಾನು ಒಪ್ಪಲಾರೆ. ಗ್ಲೈಫೋಸೇಟ್ ಕೂಡ ಎಳೆ ಸಸಿಗಳ ಹತ್ತಿರ ಸಲ್ಲದು, ಗಾಳಿಗೆ ತೇಲಿದ ಹನಿ ತಾಕಿದರೂ ಸಸಿ ಸುಟ್ಟೀತು.

ಬೇಲಿಯಾಚೆಯ ಕಾಂಗ್ರೆಸ್ ಕಸದ ಮೇಲೆ ಮಳೆಗಾಲದಲ್ಲಿ ಬಿಳಿಚು ಮೈಗೆ ಕಂದು ಗೆರೆಗಳಿರುವ ದುಂಬಿ ಕಂಡರೆ ಔಷಧಿ ಹೊಡೆಯಬೇಡಿ. ಅದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮೆಕ್ಸಿಕೊ ದುಂಬಿಯ ಸಂತತಿ, ಈ ಕಸದ ಎಲೆಯನ್ನೇ ತಿನ್ನುತ್ತದೆ.